ಪರದೇಶದಲ್ಲಿ ಮೊದಲ ಕ್ರಿಸ್ಮಸ್: ಯುವ ಮಿಷನರಿಗಳಿಗೊಂದು ಸಮಗ್ರ ಮಾರ್ಗದರ್ಶಿ

ಸುವಾರ್ತಾ ಸೇವೆಗೆಂದು ಮೊದಲ ಸಲ ಹೊರದೇಶಕ್ಕೆ ಹೋಗಿ ಬಂದ ಹದಿನೆಂಟು, ಇಪ್ಪತ್ತರ ಆಸುಪಾಸಿನವರನ್ನು ಯಾವ ದಿನಗಳು ಹೆಚ್ಚು ಭಾರವಾಗಿದ್ದವು ಎಂದು ನಾನು ಕೇಳುತ್ತಲೇ ಬಂದಿದ್ದೇನೆ. ಬಹುತೇಕರು ಹೇಳುವುದು ಡಿಸೆಂಬರ್ ತಿಂಗಳ ಕೊನೆಯ ವಾರವನ್ನೇ. ಉಳಿದ ದಿನಗಳಲ್ಲಿ ಭಾಷಾಪಾಠ, ಭೇಟಿಗಳು, ಪ್ರಾರ್ಥನಾ ಕೂಟಗಳು ಎಂದು ಹೊತ್ತು ತುಂಬಿರುತ್ತದೆ. ಹಬ್ಬದ ದಿನ ಮಾತ್ರ ಊರೆಲ್ಲ ತಂತಮ್ಮ ಮನೆ ಸೇರಿ ಬಾಗಿಲು ಹಾಕಿಕೊಂಡಾಗ, ತಾನು ಇಲ್ಲಿಯವನಲ್ಲ ಎಂಬುದು ಒಮ್ಮೆಲೇ ಎದೆಗೆ ತಟ್ಟುತ್ತದೆ. ನಾನೂ ಅಂಥ ಎರಡು ಡಿಸೆಂಬರ್‌ಗಳನ್ನು ಪರದೇಶದಲ್ಲಿ ಕಳೆದಿದ್ದೇನೆ. ಮೊದಲನೆಯದನ್ನು ಯಾವ ಸಿದ್ಧತೆಯೂ ಇಲ್ಲದೆ ಕಳೆದೆ, ಎರಡನೆಯದನ್ನು ಸಿದ್ಧತೆಯೊಡನೆ ಕಳೆದೆ. ಆ ಎರಡರ ನಡುವಿನ ಅಂತರವೇ ಈ ಬರಹಕ್ಕೆ ಕಾರಣ.

ಮುಂದಿನ ಹೆಜ್ಜೆಗಳೆಲ್ಲವೂ ಒಂದು ಮಾತನ್ನು ಆಧರಿಸಿವೆ: ಹಬ್ಬದ ದಿನಗಳಲ್ಲಿ ಮಿಷನರಿ ಮೊದಲು ಅತಿಥಿ, ಆಮೇಲೆ ಬೋಧಕ. ನಾವು ಸಾರಲು ಹೊರಟಿರುವ ಕಥೆಯೇ ಛತ್ರದಲ್ಲಿ ಸ್ಥಳ ಸಿಗದ ಒಂದು ಕುಟುಂಬದ ಕಥೆ, ಆಮೇಲೆ ಐಗುಪ್ತದಂಥ ಅನ್ಯದೇಶಕ್ಕೆ ಓಡಿಹೋಗಬೇಕಾದವರ ಕಥೆ. ಲೂಕ ಮತ್ತು ಮತ್ತಾಯರ ಸುವಾರ್ತೆಗಳ ಎರಡನೆಯ ಅಧ್ಯಾಯಗಳನ್ನು ಹೊರಡುವ ಮೊದಲು ಒಮ್ಮೆ ಈ ದೃಷ್ಟಿಯಿಂದ ಓದಿಕೊಳ್ಳಿ.

ಹೆಜ್ಜೆ 1: ಅಲ್ಲಿ ಹಬ್ಬ ಯಾವ ದಿನ ಎಂದು ತಿಳಿದುಕೊಳ್ಳಿ

ಇದು ಬಾಲಿಶ ಪ್ರಶ್ನೆಯೆಂದು ತೋರಬಹುದು, ಆದರೆ ಮೊದಲ ತಪ್ಪು ಆಗುವುದೇ ಇಲ್ಲಿ. ಕ್ರಿಸ್ಮಸ್ ಎಂದರೆ ಡಿಸೆಂಬರ್ 25 ಎಂದು ನಾವು ಭಾವಿಸಿರುತ್ತೇವೆ. ರಷ್ಯಾ, ಸರ್ಬಿಯಾ, ಜಾರ್ಜಿಯಾಗಳ ಆರ್ಥೊಡಾಕ್ಸ್ ಸಭೆಗಳು ಇಂದಿಗೂ ಜೂಲಿಯನ್ ಪಂಚಾಂಗವನ್ನು ಅನುಸರಿಸುತ್ತವೆ. ಆ ಪಂಚಾಂಗ ಈ ಶತಮಾನದಲ್ಲಿ ನಾವು ಬಳಸುವ ಕ್ಯಾಲೆಂಡರಿಗಿಂತ 13 ದಿನ ಹಿಂದಿರುವುದರಿಂದ ಅವರ ಹಬ್ಬ ಜನವರಿ 7ಕ್ಕೆ ಬೀಳುತ್ತದೆ. ಈಜಿಪ್ಟಿನ ಕಾಪ್ಟಿಕ್ ಕ್ರೈಸ್ತರಿಗೂ ಇಥಿಯೋಪಿಯಾದವರಿಗೂ ಜನವರಿ 7ರಂದೇ ಹಬ್ಬ. ಆರ್ಮೇನಿಯಾದಲ್ಲಿ ಜನನ ಮತ್ತು ಜ್ಞಾನಸ್ನಾನಗಳೆರಡನ್ನೂ ಒಟ್ಟಿಗೆ ಜನವರಿ 6ರಂದು ಆಚರಿಸುತ್ತಾರೆ. ಹಾಗೆಂದು ಆರ್ಥೊಡಾಕ್ಸ್ ಎಂದರೆಲ್ಲ ಜನವರಿ ಎಂದೂ ತಿಳಿಯಬೇಡಿ: ಗ್ರೀಸ್, ರೊಮೇನಿಯಾಗಳಲ್ಲಿ ಡಿಸೆಂಬರ್ 25ಕ್ಕೇ ಹಬ್ಬ. ಉಕ್ರೇನ್ ತನ್ನ ಸರ್ಕಾರಿ ರಜೆಯನ್ನು 2023ರಲ್ಲಿ ಜನವರಿ 7ರಿಂದ ತೆಗೆದು ಡಿಸೆಂಬರ್ 25ಕ್ಕೆ ನಿಲ್ಲಿಸಿತು, ಮತ್ತು ಅಲ್ಲಿ ಯಾರು ಯಾವ ದಿನ ಆಚರಿಸುತ್ತಾರೆ ಎಂಬುದರ ಹಿಂದೆ ಯುದ್ಧದ ನೋವೂ ಇದೆ; ಅಂಥ ಕಡೆ ತಾರೀಖಿನ ಬಗ್ಗೆ ಹಗುರವಾಗಿ ಮಾತನಾಡುವುದು ಸಲ್ಲದು.

ತಾರೀಖು ಒಂದೇ ಆದರೂ ಹಬ್ಬದ ತೂಕ ಬೇರೆ ದಿನದ ಮೇಲಿರಬಹುದು. ಪೋಲೆಂಡಿನಲ್ಲಿ ಮನೆಮಂದಿಯೆಲ್ಲ ಸೇರುವುದು ಡಿಸೆಂಬರ್ 24ರ ಸಂಜೆ, ಆಕಾಶದಲ್ಲಿ ಮೊದಲ ನಕ್ಷತ್ರ ಕಂಡ ಮೇಲೆ. ನೆದರ್ಲೆಂಡ್ಸ್‌ನಲ್ಲಿ ಮಕ್ಕಳಿಗೆ ಉಡುಗೊರೆ ಸಿಗುವುದು ಡಿಸೆಂಬರ್ 5ರ ಸಂಜೆ, ಸ್ಪೇನಿನಲ್ಲಿ ಹೆಚ್ಚಾಗಿ ಜನವರಿ 6ರಂದು. ಸ್ಕಾಟ್‌ಲೆಂಡಿನಲ್ಲಿ ಕ್ರಿಸ್ಮಸ್ ಸಾರ್ವಜನಿಕ ರಜೆಯಾದದ್ದೇ 1958ರಲ್ಲಿ. ಅಲ್ಲಿಯವರಿಗೆ ಹೊಸವರ್ಷದ ಹಿಂದಿನ ರಾತ್ರಿ ದೊಡ್ಡದು. ಜಪಾನಿನಲ್ಲಿ ಡಿಸೆಂಬರ್ 25 ಎಲ್ಲ ದಿನಗಳಂತೆ ಕೆಲಸದ ದಿನ, ಕುಟುಂಬಗಳು ಸೇರುವುದು ಜನವರಿ ಮೊದಲ ಮೂರು ದಿನ. ದಕ್ಷಿಣ ಗೋಳಾರ್ಧಕ್ಕೆ ಹೋಗುವವರಿಗೆ ಡಿಸೆಂಬರ್ ಎಂದರೆ ಕಡು ಬೇಸಿಗೆ ಮತ್ತು ಶಾಲೆಗಳ ದೀರ್ಘ ರಜೆ.

ಹಬ್ಬದ ಹಿಂದಿನ ದಿನಗಳನ್ನೂ ಗಮನಿಸಿ. ಆರ್ಥೊಡಾಕ್ಸ್ ಸಭೆಗಳಲ್ಲಿ ಹಬ್ಬಕ್ಕೆ ಮುಂಚೆ ಸುಮಾರು 40 ದಿನಗಳ ಉಪವಾಸ ಕಾಲವಿರುತ್ತದೆ, ಕಾಪ್ಟಿಕ್ ಸಭೆಯಲ್ಲಿ ಅದು 43 ದಿನ. ಆ ಕಾಲದಲ್ಲಿ ನಿಷ್ಠರಾದವರು ಮಾಂಸ, ಹಾಲು, ಮೊಟ್ಟೆಗಳನ್ನು ಮುಟ್ಟುವುದಿಲ್ಲ. ಬೆಣ್ಣೆ, ಮೊಟ್ಟೆ ಹಾಕಿದ ಕೇಕನ್ನು ಪ್ರೀತಿಯಿಂದ ಒಯ್ದು ಉಪವಾಸದಲ್ಲಿರುವ ಮನೆಯವರ ಕೈಗೆ ಕೊಟ್ಟರೆ ಅವರು ನಗುತ್ತ ತೆಗೆದುಕೊಳ್ಳುತ್ತಾರೆ, ಆದರೆ ನಿಮಗೆ ಅವರ ನಂಬಿಕೆಯ ಬಗ್ಗೆ ಏನೂ ತಿಳಿದಿಲ್ಲ ಎಂಬುದು ಅವರಿಗೆ ತಿಳಿದುಹೋಗುತ್ತದೆ. ಆದ್ದರಿಂದ ಅಕ್ಟೋಬರ್ ಮುಗಿಯುವುದರೊಳಗೆ ಸ್ಥಳೀಯ ಸಭೆಯ ಹಿರಿಯರೊಬ್ಬರ ಬಳಿ ಕುಳಿತು, ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗಿನ ಉಪವಾಸ, ಆರಾಧನೆ, ರಜೆ, ಕುಟುಂಬದ ದಿನಗಳನ್ನೆಲ್ಲ ಒಂದು ಹಾಳೆಯ ಮೇಲೆ ಗುರುತು ಹಾಕಿಕೊಳ್ಳಿ. ಮುಂದಿನ ಎಲ್ಲ ಯೋಜನೆಗೂ ಈ ಹಾಳೆಯೇ ಆಧಾರ.

ಹೆಜ್ಜೆ 2: ವೀಸಾ, ಕಾನೂನು, ಕಾಗದಪತ್ರ

ಪ್ರವಾಸಿ ವೀಸಾದಲ್ಲಿ ಹೋಗಿ ಧರ್ಮಬೋಧನೆ ಮಾಡುವುದು ಅನೇಕ ದೇಶಗಳಲ್ಲಿ ವೀಸಾ ನಿಯಮದ ಉಲ್ಲಂಘನೆ; ಧಾರ್ಮಿಕ ಸೇವಕರಿಗೆಂದೇ ಪ್ರತ್ಯೇಕ ವೀಸಾ ಇರುವ ಕಡೆ ಅದನ್ನೇ ಪಡೆಯಬೇಕು. ಕಾನೂನುಗಳು ಒಂದೊಂದು ದೇಶದಲ್ಲಿ ಒಂದೊಂದು ರೀತಿ. ರಷ್ಯಾದಲ್ಲಿ 2016ರ ಕಾನೂನಿನ ಪ್ರಕಾರ ಅಧಿಕೃತ ಪತ್ರವಿಲ್ಲದೆ ಮಿಷನರಿ ಚಟುವಟಿಕೆ ನಡೆಸುವಂತಿಲ್ಲ, ಅದೂ ಗೊತ್ತುಪಡಿಸಿದ ಸ್ಥಳಗಳಲ್ಲಿ ಮಾತ್ರ. ನೇಪಾಳದಲ್ಲಿ 2018ರಿಂದ ಜಾರಿಯಲ್ಲಿರುವ ದಂಡಸಂಹಿತೆ ಮತಾಂತರ ಮಾಡಿಸುವುದನ್ನು ಅಪರಾಧವೆಂದು ಹೇಳಿ ಐದು ವರ್ಷಗಳವರೆಗಿನ ಸೆರೆವಾಸವನ್ನೂ ವಿದೇಶಿಯಾದರೆ ಗಡೀಪಾರನ್ನೂ ವಿಧಿಸುತ್ತದೆ. ಗ್ರೀಸ್‌ನ ಸಂವಿಧಾನದ 13ನೆಯ ವಿಧಿ ಮತಾಂತರಕ್ಕಾಗಿ ನಡೆಸುವ ಪ್ರಚಾರವನ್ನು ನಿಷೇಧಿಸುತ್ತದೆ. ಇಸ್ರೇಲಿನಲ್ಲಿ ಮತ ಬದಲಿಸಲೆಂದು ಹಣ ಅಥವಾ ವಸ್ತುರೂಪದ ಲಾಭ ಕೊಡುವುದು 1977ರಿಂದ ಅಪರಾಧ.

ಇವು ಹಬ್ಬದ ಕಾಲದಲ್ಲಿ ವಿಶೇಷವಾಗಿ ಮುಖ್ಯವಾಗುವುದು ಏಕೆಂದರೆ, ನಾವು ಅತ್ಯಂತ ನಿರಪಾಯವೆಂದು ನಂಬಿರುವ ಕೆಲಸಗಳು — ಬೀದಿಯಲ್ಲಿ ನಿಂತು ಕ್ಯಾರಲ್ ಹಾಡುವುದು, ಮಕ್ಕಳಿಗೆ ಸಿಹಿ ಹಂಚುವುದು, ವಚನ ಬರೆದ ಕಾರ್ಡು ಕೊಡುವುದು — ಕೆಲವು ಕಡೆ ಕಾನೂನಿನ ಕಣ್ಣಿಗೆ ಬೇರೆಯಾಗಿ ಕಾಣುತ್ತವೆ. ಸಾರ್ವಜನಿಕ ಸ್ಥಳದಲ್ಲಿ ಹಾಡುವುದಕ್ಕೆ ಅನುಮತಿ ಬೇಕೇ ಎಂದು ನಗರಾಡಳಿತವನ್ನು ಮೊದಲೇ ಕೇಳಿ. ಸಿಕ್ಕಿಹಾಕಿಕೊಂಡರೆ ನೀವು ವಿಮಾನ ಹತ್ತಿ ಮರಳುತ್ತೀರಿ. ಬೆಲೆ ತೆರುವವರು ಅಲ್ಲೇ ಉಳಿಯುವ ಸ್ಥಳೀಯ ಭಕ್ತರು. ಇದನ್ನು ಧೈರ್ಯದ ಪ್ರಶ್ನೆಯಾಗಿ ನೋಡುವ ಯುವಕರನ್ನು ಕಂಡಿದ್ದೇನೆ, ನನಗೆ ಅದು ಒಪ್ಪಿಗೆಯಾಗಿಲ್ಲ.

ಕಾಗದಪತ್ರದ ವಿಷಯ ಚಿಕ್ಕದು. ಡಿಸೆಂಬರ್ ಕೊನೆಯಲ್ಲಿ ವಲಸೆ ಕಚೇರಿಗಳೂ ರಾಯಭಾರ ಕಚೇರಿಗಳೂ ದಿನಗಟ್ಟಲೆ ಮುಚ್ಚಿರುತ್ತವೆ. ರಷ್ಯಾದಲ್ಲಂತೂ ಜನವರಿ 1ರಿಂದ 8ರವರೆಗೆ ಸಾಲು ರಜೆ. ವೀಸಾ ಅಥವಾ ವಾಸದ ಪರವಾನಗಿ ಜನವರಿಯಲ್ಲಿ ಮುಗಿಯುವುದಿದ್ದರೆ ನವೆಂಬರಿನಲ್ಲೇ ನವೀಕರಣಕ್ಕೆ ಅರ್ಜಿ ಹಾಕಿ. ಪಾಸ್‌ಪೋರ್ಟ್, ವೀಸಾ, ವಿಮಾಪತ್ರಗಳ ಒಂದು ಪ್ರತಿಯನ್ನು ನಿಮ್ಮ ಬಳಿ, ಇನ್ನೊಂದನ್ನು ಕಳುಹಿಸಿದ ಸಂಸ್ಥೆಯ ಬಳಿ ಇಟ್ಟಿರಿ.

ಹೆಜ್ಜೆ 3: ಕಳುಹಿಸಿದವರ ನಿಯಮಗಳನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳಿ

ಪ್ರತಿಯೊಂದು ಸಭೆಗೂ ಸಂಸ್ಥೆಗೂ ತನ್ನದೇ ಶಿಸ್ತು ಇರುತ್ತದೆ: ಒಬ್ಬರೇ ಎಲ್ಲಿಗೂ ಹೋಗಬಾರದು, ರಾತ್ರಿ ಇಷ್ಟು ಹೊತ್ತಿಗೆ ಕೋಣೆ ಸೇರಬೇಕು, ಅನುಮತಿಯಿಲ್ಲದೆ ಊರು ಬಿಡಬಾರದು ಎಂಬಂತೆ. ಹಬ್ಬದ ದಿನಗಳಲ್ಲಿ ಇವುಗಳಲ್ಲಿ ಯಾವುದು ಸಡಿಲವಾಗುತ್ತದೆ, ಯಾವುದು ಆಗುವುದಿಲ್ಲ ಎಂಬುದನ್ನು ಮೇಲ್ವಿಚಾರಕರಿಂದ ಡಿಸೆಂಬರ್ ಮೊದಲ ವಾರದೊಳಗೆ ಬರಹದಲ್ಲಿ ಪಡೆದುಕೊಳ್ಳಿ. ನಡುರಾತ್ರಿಯ ಆರಾಧನೆಗೆ ಹೋಗಬಹುದೇ, ಆತಿಥೇಯರ ಮನೆಯಲ್ಲಿ ರಾತ್ರಿ ಉಳಿಯಬಹುದೇ, ತುರ್ತು ಸಂದರ್ಭದಲ್ಲಿ 25ರಂದು ಯಾರು ಫೋನು ಎತ್ತುತ್ತಾರೆ — ಈ ಮೂರನ್ನು ಕೇಳದೆ ಬಿಡಬೇಡಿ. ಮೂರನೆಯದು ಎಲ್ಲರೂ ಮರೆಯುವ ಪ್ರಶ್ನೆ.

ಹೆಜ್ಜೆ 4: ಚಳಿ, ಕತ್ತಲು ಮತ್ತು ಮೈಯ ಆರೈಕೆ

ಉತ್ತರದ ದೇಶಗಳಲ್ಲಿ ಚಳಿಗಿಂತ ಕತ್ತಲು ಹೆಚ್ಚು ಕಾಡುತ್ತದೆ. ಡಿಸೆಂಬರ್ ಕೊನೆಯಲ್ಲಿ ಸ್ಟಾಕ್‌ಹೋಮ್‌ನಲ್ಲಿ ಹಗಲು ಆರು ಗಂಟೆಯಷ್ಟು, ರೇಕ್ಯಾವಿಕ್‌ನಲ್ಲಿ ನಾಲ್ಕು ಗಂಟೆಯಷ್ಟು. ನಾರ್ವೆಯ ಟ್ರೊಮ್ಸೊದಲ್ಲಿ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಉದಯಿಸುವುದೇ ಇಲ್ಲ. ಬೆಳಕು ಕಡಿಮೆಯಾದಾಗ ನಿದ್ದೆ ಕೆಡುತ್ತದೆ, ಮನಸ್ಸು ಕುಗ್ಗುತ್ತದೆ, ಅದನ್ನು ನಂಬಿಕೆಯ ಕೊರತೆಯೆಂದು ತಪ್ಪಾಗಿ ತಿಳಿದು ಇನ್ನಷ್ಟು ಕುಗ್ಗುವವರಿದ್ದಾರೆ. ಬೆಳಕಿರುವ ಹೊತ್ತಿನಲ್ಲಿ, ಮೋಡವಿದ್ದರೂ ಸರಿಯೆ, ಪ್ರತಿದಿನ ಅರ್ಧ ಗಂಟೆಯಾದರೂ ಹೊರಗೆ ನಡೆಯಿರಿ. ಡಿ ಜೀವಸತ್ವದ ಮಾತ್ರೆ ಬೇಕೇ ಎಂದು ವೈದ್ಯರನ್ನು ಕೇಳಿ. ಎರಡು ವಾರಗಳಾದರೂ ಮಂಕು ಕವಿದೇ ಇದ್ದರೆ ಪ್ರಾರ್ಥನೆಯ ಜೊತೆಗೆ ವೈದ್ಯರ ಸಹಾಯವನ್ನೂ ಸಂಕೋಚವಿಲ್ಲದೆ ಪಡೆಯಿರಿ.

ಬಟ್ಟೆಯ ವಿಷಯದಲ್ಲಿ ಒಂದೇ ದಪ್ಪ ಕೋಟಿಗಿಂತ ಮೂರು ಪದರಗಳು ಮೇಲು: ಮೈಗೆ ತಾಗುವಂತೆ ಉಣ್ಣೆಯ ಅಥವಾ ಬೆವರು ಹೀರಿ ಹೊರಬಿಡುವ ಒಳ ಅಂಗಿ, ಅದರ ಮೇಲೆ ಬೆಚ್ಚನೆಯ ಪದರ, ಹೊರಗೆ ಗಾಳಿ ನೀರು ತಡೆಯುವ ಪದರ. ಹತ್ತಿ ಒದ್ದೆಯಾದರೆ ಬೇಗ ಒಣಗದೆ ಮೈಯ ಶಾಖವನ್ನು ಕಳೆಯುತ್ತದೆ. ಮಂಜುಗಡ್ಡೆಯ ಮೇಲೆ ಪಾದವನ್ನು ಪೂರ್ತಿ ಊರಿ, ಸಣ್ಣ ಹೆಜ್ಜೆಗಳನ್ನಿಡುತ್ತ, ಕೈಗಳನ್ನು ಜೇಬಿನಿಂದ ಹೊರಗಿಟ್ಟು ನಡೆಯಬೇಕು.

ಇವೆಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಇನ್ನೊಂದಿದೆ. ಬಾಡಿಗೆಯ ಅಗ್ಗದ ಕೋಣೆಗಳಲ್ಲಿ ಚಳಿ ತಾಳಲಾರದೆ ಇದ್ದಿಲಿನ ಒಲೆಯನ್ನು ಒಳಗಿಟ್ಟುಕೊಳ್ಳುವುದು, ಕೆಟ್ಟ ಗ್ಯಾಸ್ ಹೀಟರನ್ನು ಕಿಟಕಿ ಮುಚ್ಚಿ ಉರಿಸುವುದು ಪ್ರಾಣಕ್ಕೇ ಎರವಾಗುತ್ತದೆ. ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿರುವವರಿಗೆ ಅದು ಬಂದದ್ದೇ ತಿಳಿಯುವುದಿಲ್ಲ. ಕೋಣೆಯಲ್ಲಿರುವ ಎಲ್ಲರಿಗೂ ಒಟ್ಟಿಗೆ ತಲೆನೋವು, ವಾಕರಿಕೆ, ತಲೆಸುತ್ತು ಬಂದರೆ ಅದನ್ನು ಊಟದ ಮೇಲೆ ಹಾಕದೆ ತಕ್ಷಣ ಹೊರಗೆ ಗಾಳಿಗೆ ಬಂದು ತುರ್ತು ಸೇವೆಗೆ ಕರೆ ಮಾಡಿ. ಈ ಅನಿಲವನ್ನು ಪತ್ತೆಹಚ್ಚಿ ಕೂಗುವ ಚಿಕ್ಕ ಯಂತ್ರ ಸಿಗುತ್ತದೆ. ಹಬ್ಬಕ್ಕೆ ಏನು ಕಳುಹಿಸಲಿ ಎಂದು ತಂದೆತಾಯಿ ಕೇಳಿದರೆ ಇದನ್ನೇ ಕೇಳಿ.

ಹೆಜ್ಜೆ 5: ಎಲ್ಲವೂ ಮುಚ್ಚುವ ಮೊದಲು

ನನ್ನ ಮೊದಲ ಹಬ್ಬದ ಹಿಂದಿನ ದಿನ ಸಂಜೆ ಅಂಗಡಿಗೆ ಹೋದಾಗ ಬೀದಿಯ ಉದ್ದಕ್ಕೂ ಬಾಗಿಲು ಎಳೆದಿದ್ದವು. ಮಾರನೆಯ ದಿನ ಆರಾಧನೆಗೆ ಹೋಗಲು ಬಸ್ಸೂ ಇರಲಿಲ್ಲ. ನಾನೂ ನನ್ನ ಸೇವಾಸಂಗಾತಿಯೂ ಒಂದೂವರೆ ಗಂಟೆ ನಡೆದು ಹೋಗಿ, ಮರಳಿ ಬಂದು, ಉಳಿದಿದ್ದ ಬ್ರೆಡ್ಡನ್ನು ಹಂಚಿಕೊಂಡು ತಿಂದೆವು. ಅದು ದೇಶದ ತಪ್ಪಲ್ಲ. ಕೇಳಿದ್ದರೆ ಯಾರಾದರೂ ಹೇಳುತ್ತಿದ್ದರು.

ಬ್ರಿಟನ್ನಿನಲ್ಲಿ ಡಿಸೆಂಬರ್ 25ರಂದು ರೈಲುಗಳು ಬಹುತೇಕ ಓಡುವುದೇ ಇಲ್ಲ. ಜರ್ಮನಿಯಲ್ಲಿ 24ರ ಮಧ್ಯಾಹ್ನವೇ ಅಂಗಡಿಗಳು ಮುಚ್ಚುತ್ತವೆ, 25 ಮತ್ತು 26 ಎರಡೂ ರಜೆ. ಆ ಮರುದಿನ ಭಾನುವಾರವಾದರೆ ಮುಚ್ಚಿದ ದಿನಗಳು ಮೂರಾಗುತ್ತವೆ. ಆದ್ದರಿಂದ ನಾಲ್ಕು ದಿನಗಳ ಆಹಾರ, ನಿತ್ಯದ ಔಷಧ, ಸ್ವಲ್ಪ ನಗದು, ಫೋನಿನ ರೀಚಾರ್ಜ್ ಇಷ್ಟನ್ನು 22ರೊಳಗೆ ಮುಗಿಸಿ. ಆರಾಧನೆಗೆ ಹೋಗಿಬರುವುದು ಹೇಗೆಂದು ಸಭೆಯವರೊಡನೆ ಮಾತಾಡಿ. ಕಾರಿನಲ್ಲಿ ಹೋಗುವ ಕುಟುಂಬವೊಂದು ನಿಮ್ಮನ್ನು ಕರೆದೊಯ್ಯಲು ಸಂತೋಷಪಡುತ್ತದೆ, ಕೇಳಬೇಕಷ್ಟೆ.

ಹೆಜ್ಜೆ 6: ಮನೆಯ ನೆನಪನ್ನು ಏನು ಮಾಡುವುದು

ಇದಕ್ಕೆ ಹೆಚ್ಚು ಜಾಗ ಕೊಡುತ್ತಿದ್ದೇನೆ, ಏಕೆಂದರೆ ಉಳಿದೆಲ್ಲ ಸಿದ್ಧತೆ ಸರಿಯಿದ್ದರೂ ಇಲ್ಲಿ ಜಾರಿದರೆ ಆ ವಾರ ಉಳಿಯುವುದಿಲ್ಲ.

ಮನೆಗೆ ಕರೆ ಮಾಡುವ ಕ್ರಮ ಈಗ ಬಹಳ ಬದಲಾಗಿದೆ. ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್ ಸಭೆಯ ಯುವ ಮಿಷನರಿಗಳು ಬಹುಕಾಲ ವರ್ಷಕ್ಕೆ ಎರಡೇ ಸಲ, ಕ್ರಿಸ್ಮಸ್‌ಗೆ ಮತ್ತು ತಾಯಂದಿರ ದಿನಕ್ಕೆ, ಮನೆಗೆ ಫೋನು ಮಾಡುತ್ತಿದ್ದರು. 2019ರ ಫೆಬ್ರುವರಿಯಿಂದ ವಾರಕ್ಕೊಮ್ಮೆ ಮಾತನಾಡಲು ಅವರಿಗೆ ಅನುಮತಿಯಿದೆ. ಬೇರೆ ಎಷ್ಟೋ ಸಂಸ್ಥೆಗಳಲ್ಲಿ ಮಿತಿಯೇ ಇಲ್ಲ. ಮಿತಿಯಿಲ್ಲದಿರುವುದು ಅನುಕೂಲವೆಂದು ಕಂಡರೂ ಹಬ್ಬದ ದಿನ ಅದೇ ತೊಡಕಾಗುತ್ತದೆ: ಬೆಳಗಿನಿಂದ ರಾತ್ರಿಯವರೆಗೆ ವೀಡಿಯೊ ಕರೆಯಲ್ಲಿ ಮನೆಯವರ ಊಟ, ನಗು, ಉಡುಗೊರೆಗಳನ್ನು ನೋಡುತ್ತ ಕುಳಿತವರು ಅಲ್ಲಿಯೂ ಇರುವುದಿಲ್ಲ, ಇಲ್ಲಿಯೂ ಇರುವುದಿಲ್ಲ.

ನನ್ನ ಸಲಹೆ ಹೀಗಿದೆ. ಕರೆಯ ಹೊತ್ತನ್ನು ಎರಡು ವಾರ ಮೊದಲೇ ನಿಗದಿ ಮಾಡಿ, ಎರಡು ಊರುಗಳ ಗಡಿಯಾರದ ವ್ಯತ್ಯಾಸವನ್ನು ಮನೆಯವರಿಗೆ ಬರೆದು ತಿಳಿಸಿ. ಒಂದೇ ಕರೆ, ಸುಮಾರು ನಲವತ್ತು ನಿಮಿಷ. ಅದನ್ನು ದಿನದ ಕೊನೆಗೆ ಇಡದೆ, ಅದರ ನಂತರ ನೀವು ಎದ್ದು ಹೋಗಬೇಕಾದ ಒಂದು ಕೆಲಸ ಅಥವಾ ಭೇಟಿ ಇರುವಂತೆ ಇಟ್ಟುಕೊಳ್ಳಿ. ಕರೆ ಮುಗಿದ ಮೇಲಿನ ಮೌನವನ್ನು ಒಬ್ಬರೇ ಕೋಣೆಯಲ್ಲಿ ಎದುರಿಸುವುದು ಬಹಳ ಕಷ್ಟ. ಮಾತಿನಲ್ಲಿ ಅಳು ಬಂದರೆ ಬರಲಿ, ಆದರೆ ಇಲ್ಲಿ ಕಂಡ ಒಂದು ಒಳ್ಳೆಯ ಸಂಗತಿಯನ್ನು ಮೊದಲೇ ಯೋಚಿಸಿಟ್ಟುಕೊಂಡು ಅವರಿಗೆ ಹೇಳಿ. ನಿಮ್ಮ ತಾಯಿಗೆ ನೀವು ಸುಖವಾಗಿದ್ದೀರಿ ಎಂಬ ಮಾತಿಗಿಂತ ನಿಮ್ಮ ಜೊತೆ ಯಾರೋ ಇದ್ದಾರೆ ಎಂಬ ವಿವರ ಹೆಚ್ಚು ಸಮಾಧಾನ ಕೊಡುತ್ತದೆ: ಪಕ್ಕದ ಮನೆಯ ಅಜ್ಜಿಯ ವಿಷಯ, ಭಾಷೆ ಕಲಿಸುವವರ ವಿಷಯ.

ಪಾರ್ಸೆಲ್ ಬರುವುದಿದ್ದರೆ ಮನೆಯವರು ನವೆಂಬರ್ ಮೊದಲ ವಾರದಲ್ಲೇ ಕಳುಹಿಸಲಿ, ಯಾಕೆಂದರೆ ಡಿಸೆಂಬರಿನಲ್ಲಿ ಅಂಚೆಯೂ ಸುಂಕದ ಕಚೇರಿಯೂ ನಿಧಾನವಾಗುತ್ತವೆ.

ನಿಮ್ಮ ಸೇವಾಸಂಗಾತಿಯನ್ನು ಮರೆಯಬೇಡಿ. ಇಬ್ಬರಲ್ಲಿ ಒಬ್ಬರಿಗೆ ಮನೆಯಿಂದ ದಿನವೂ ಕರೆ, ಇನ್ನೊಬ್ಬರಿಗೆ ಕರೆ ಮಾಡುವವರೇ ಇಲ್ಲ ಎಂಬ ಪರಿಸ್ಥಿತಿ ಅಪರೂಪವಲ್ಲ. ಮನೆಯವರ ವಿರೋಧ ಕಟ್ಟಿಕೊಂಡು ನಂಬಿಕೆಗೆ ಬಂದವರು, ತಂದೆತಾಯಿಯನ್ನು ಕಳೆದುಕೊಂಡವರು ಈ ದಿನಗಳಲ್ಲಿ ಮೌನವಾಗಿಬಿಡುತ್ತಾರೆ. ನಿಮ್ಮ ಕರೆಯಲ್ಲಿ ಅವರನ್ನೂ ಹತ್ತು ನಿಮಿಷ ಕೂರಿಸಿಕೊಳ್ಳಿ, ಮನೆಯಿಂದ ಬರುವ ಪೊಟ್ಟಣದಲ್ಲಿ ಅವರ ಹೆಸರಿನದೊಂದು ಇರಲಿ ಎಂದು ಮೊದಲೇ ಹೇಳಿಡಿ. ನನ್ನ ಎರಡನೆಯ ಡಿಸೆಂಬರಿನಲ್ಲಿ ನನ್ನ ಸಂಗಾತಿಯ ತಾಯಿ ನನ್ನ ಹೆಸರು ಹೊಲಿದ ಒಂದು ಜೊತೆ ಕೈಗವಸು ಕಳುಹಿಸಿದ್ದರು. ಅವರನ್ನು ನಾನು ಇಂದಿಗೂ ನೋಡಿಲ್ಲ. ಕೈಗವಸುಗಳನ್ನು ಇಂದಿಗೂ ಇಟ್ಟುಕೊಂಡಿದ್ದೇನೆ.

ವಿಶ್ರಾಂತಿಯೂ ಯೋಜನೆಯ ಭಾಗವಾಗಿರಲಿ. ಚೀನಾದಲ್ಲಿ ಸೇವೆ ಮಾಡಿದ ಅಮೆರಿಕದ ಬ್ಯಾಪ್ಟಿಸ್ಟ್ ಮಿಷನರಿ ಲಾಟಿ ಮೂನ್ ತಮ್ಮ ಊರಿನ ಸಭೆಗಳಿಗೆ ಪತ್ರಗಳನ್ನು ಬರೆದು, ಕ್ರಿಸ್ಮಸ್ ಹಿಂದಿನ ವಾರವನ್ನು ವಿದೇಶೀ ಸೇವೆಗಾಗಿ ಪ್ರಾರ್ಥಿಸಿ ಕಾಣಿಕೆ ಎತ್ತಲು ಮೀಸಲಿಡುವಂತೆ ಕೇಳಿಕೊಂಡರು. 1888ರಲ್ಲಿ ಎತ್ತಿದ ಮೊದಲ ಕಾಣಿಕೆ 3,000 ಡಾಲರನ್ನು ಮೀರಿತು, ಅದರಿಂದ ಮೂವರು ಹೊಸ ಸೇವಕಿಯರನ್ನು ಕಳುಹಿಸಲು ಸಾಧ್ಯವಾಯಿತು. ಆಕೆ ಕೇಳಿದ್ದು ಹಣಕ್ಕಾಗಿ ಮಾತ್ರವಲ್ಲ, ಒಂಟಿಯಾಗಿ ದುಡಿದು ಬಳಲಿದವರ ಜಾಗಕ್ಕೆ ಬಂದು ನಿಲ್ಲುವ ಜನರಿಗಾಗಿ. ಕೊನೆಗೆ ಆಕೆ ತೀರಾ ಬಳಲಿ ಊರಿಗೆ ಮರಳುವಾಗ, 1912ರ ಡಿಸೆಂಬರ್ 24ರಂದು, ಜಪಾನಿನ ಕೋಬೆ ಬಂದರಿನಲ್ಲಿ ನಿಂತ ಹಡಗಿನಲ್ಲಿ ತೀರಿಕೊಂಡರು. ಈ ಜೀವನದಲ್ಲಿ ನಾನು ತ್ಯಾಗವನ್ನು ಕಾಣುತ್ತೇನೆ, ಜೊತೆಗೆ ಸೇವಕರ ದಣಿವನ್ನು ಸಕಾಲದಲ್ಲಿ ನೋಡಬೇಕಾದ ನಮ್ಮೆಲ್ಲರ ಹೊಣೆಯನ್ನೂ ಕಾಣುತ್ತೇನೆ. ಹಬ್ಬದ ವಾರದಲ್ಲಿ ಒಂದು ಪೂರ್ಣ ದಿನ ಯಾವ ಕಾರ್ಯಕ್ರಮವನ್ನೂ ಇಟ್ಟುಕೊಳ್ಳಬೇಡಿ.

ಹೆಜ್ಜೆ 7: ಕರೆದ ಮನೆಗೆ ಹೋಗಿ

ಆಮಂತ್ರಣ ಬಂದಾಗ ಸಂಕೋಚದಿಂದ ಬೇಡವೆನ್ನುವುದು ಯುವ ಮಿಷನರಿಗಳ ಸಾಮಾನ್ಯ ತಪ್ಪು. ಅವರಿಗೆ ತೊಂದರೆಯಾಗಬಾರದೆಂದು ನಾವು ಅಂದುಕೊಳ್ಳುತ್ತೇವೆ. ನಮ್ಮ ಮನೆ ಇವರಿಗೆ ಸಾಲದಾಯಿತು ಎಂದು ಅವರು ಅಂದುಕೊಳ್ಳುತ್ತಾರೆ. ಪೋಲೆಂಡಿನ ಮನೆಗಳಲ್ಲಿ 24ರ ಸಂಜೆಯ ಊಟಕ್ಕೆ ಮೇಜಿನ ಮೇಲೆ ಒಂದು ತಟ್ಟೆಯನ್ನು ಹೆಚ್ಚಾಗಿ ಇಡುವ ರೂಢಿಯಿದೆ, ಕರೆಯದೆ ಬರುವ ಅತಿಥಿಗಾಗಿ. ಮೆಕ್ಸಿಕೋದಲ್ಲಿ ಡಿಸೆಂಬರ್ 16ರಿಂದ 24ರವರೆಗೆ ಒಂಬತ್ತು ರಾತ್ರಿ ಜನ ಮೆರವಣಿಗೆಯಲ್ಲಿ ಮನೆಮನೆಗೆ ಹೋಗಿ, ಮರಿಯಳೂ ಯೋಸೇಫನೂ ತಂಗಲು ಜಾಗ ಕೇಳಿದಂತೆ ಹಾಡುತ್ತಾರೆ, ಕೊನೆಗೊಂದು ಮನೆಯ ಬಾಗಿಲು ತೆರೆಯುತ್ತದೆ. ಬಾಗಿಲು ತೆರೆಯಲು ಕಾದಿರುವ ಜನರ ಮುಂದೆ ಬಾಗಿಲು ತಟ್ಟುವವರು ನಾವಾಗಬೇಕು.

ಹೋಗುವ ಮುನ್ನ ಸ್ಥಳೀಯರೊಬ್ಬರಿಂದ ನಾಲ್ಕು ವಿಷಯ ಕೇಳಿಕೊಳ್ಳಿ: ಎಷ್ಟು ಹೊತ್ತಿಗೆ ಹೋಗಬೇಕು, ಎಷ್ಟು ಹೊತ್ತಿಗೆ ಹೊರಡಬೇಕು, ಚಪ್ಪಲಿ ಎಲ್ಲಿ ಬಿಡಬೇಕು, ಕೈಯಲ್ಲಿ ಏನು ಒಯ್ಯಬೇಕು. ಹೂವು ಒಯ್ಯುವುದಾದರೂ ವಿಚಾರಿಸಿಯೇ ಒಯ್ಯಿರಿ. ರಷ್ಯಾದಲ್ಲಿ ಸಮಸಂಖ್ಯೆಯ ಹೂಗಳು ಸಾವಿನ ಮನೆಗೆ ಮೀಸಲು. ಯೂರೋಪಿನ ಹಲವು ದೇಶಗಳಲ್ಲಿ ಸೇವಂತಿಗೆ ಸಮಾಧಿಯ ಹೂವು. ನಿಮ್ಮ ಸಭೆಯ ಶಿಸ್ತಿನಲ್ಲಿ ಮದ್ಯ ನಿಷಿದ್ಧವಾಗಿದ್ದರೆ ಆಮಂತ್ರಣ ಒಪ್ಪುವಾಗಲೇ ಮೃದುವಾಗಿ ತಿಳಿಸಿ. ಲೋಟ ಮುಂದೆ ಬಂದ ಮೇಲೆ ತಳ್ಳುವುದು ಆತಿಥೇಯರಿಗೆ ಮುಜುಗರ. ತಿನ್ನಲಾಗದ ಪದಾರ್ಥಕ್ಕೂ ಇದೇ ಮಾತು ಸಲ್ಲುತ್ತದೆ.

ಊಟದ ಮೇಜಿನಲ್ಲಿ ಬೋಧನೆಗೆ ಅವಕಾಶ ಹುಡುಕಬೇಡಿ. ಹಬ್ಬದ ಶುಭಾಶಯ, ಧನ್ಯವಾದ, ಊಟ ಚೆನ್ನಾಗಿದೆ, ನಿಮ್ಮ ಮನೆಯಲ್ಲಿ ಹಬ್ಬ ಮೊದಲು ಹೇಗಿರುತ್ತಿತ್ತು — ಈ ನಾಲ್ಕು ಮಾತುಗಳನ್ನು ಅವರ ಭಾಷೆಯಲ್ಲಿ ಚೆನ್ನಾಗಿ ಕಲಿತು ಹೋಗಿ. ಕೊನೆಯ ಪ್ರಶ್ನೆ ಹಿರಿಯರಿಂದ ಒಂದು ಗಂಟೆಯ ಮಾತನ್ನು ಹೊರಡಿಸುತ್ತದೆ. ಅರ್ಧ ಅರ್ಥವಾಗದಿದ್ದರೂ ಕುಳಿತು ಕೇಳಿ. ನಿಮ್ಮ ನಂಬಿಕೆಯ ಬಗ್ಗೆ ಅವರೇ ಕೇಳಿದರೆ ಸರಳವಾಗಿ, ಚಿಕ್ಕದಾಗಿ ಉತ್ತರಿಸಿ. ಪಾತ್ರೆ ತೊಳೆಯಲು ಎದ್ದು ನಿಲ್ಲಿ. ಮಕ್ಕಳ ಚಿತ್ರಗಳನ್ನು ಹೆತ್ತವರ ಒಪ್ಪಿಗೆಯಿಲ್ಲದೆ ತೆಗೆಯಬೇಡಿ, ತೆಗೆದರೂ ಸಾಮಾಜಿಕ ಜಾಲತಾಣದಲ್ಲಿ ಹಾಕಬೇಡಿ. ಕೆಲವು ದೇಶಗಳಲ್ಲಿ ಮಿಷನರಿಯೊಡನೆ ಕಾಣಿಸಿಕೊಂಡ ಒಂದು ಚಿತ್ರವೇ ಆ ಕುಟುಂಬಕ್ಕೆ ತೊಂದರೆ ತರಬಲ್ಲದು.

ಹೆಜ್ಜೆ 8: ಸೇವೆ, ಷರತ್ತಿಲ್ಲದೆ

ಹಬ್ಬದ ದಿನ ನಿಮ್ಮಂತೆಯೇ ಮನೆಯಿಂದ ದೂರವಿರುವವರು ಊರಿನಲ್ಲಿ ಬಹಳ ಜನ ಇರುತ್ತಾರೆ: ಆಸ್ಪತ್ರೆಯಲ್ಲಿರುವವರು, ವೃದ್ಧಾಶ್ರಮದಲ್ಲಿರುವವರು, ವಲಸೆ ಕಾರ್ಮಿಕರು, ರಜೆಯಲ್ಲೂ ಹಾಸ್ಟೆಲ್ಲಿನಲ್ಲೇ ಉಳಿದ ವಿದೇಶಿ ವಿದ್ಯಾರ್ಥಿಗಳು. ಬಂದರು ಪಟ್ಟಣವಾದರೆ ನಾವಿಕರನ್ನು ಮರೆಯಬೇಡಿ. ಹಡಗಿನಲ್ಲಿ ತಿಂಗಳುಗಟ್ಟಲೆ ದುಡಿಯುವವರನ್ನು ಕಾಣಲೆಂದೇ 1856ರಲ್ಲಿ ಆರಂಭವಾದ ಮಿಷನ್ ಟು ಸೀಫೇರರ್ಸ್, 1920ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿದ ಕ್ಯಾಥೊಲಿಕ್ ಸಂಸ್ಥೆ ಸ್ಟೆಲ್ಲಾ ಮಾರಿಸ್ ಜಗತ್ತಿನ ಅನೇಕ ಬಂದರುಗಳಲ್ಲಿ ಕೆಲಸ ಮಾಡುತ್ತಿವೆ. ಹೀಗೆ ಆಗಲೇ ಸೇವೆಯಲ್ಲಿ ತೊಡಗಿರುವವರ ಜೊತೆ ಸೇರಿಕೊಳ್ಳುವುದು ಉತ್ತಮ. ಹಬ್ಬಕ್ಕೆ ಒಂದು ದಿನ ಬಂದು ಮರೆಯಾಗುವ ಹೊಸ ಗುಂಪಿಗಿಂತ ವರ್ಷವಿಡೀ ಬರುವವರ ಜೊತೆಗಾರರಾದರೆ ನಂಬಿಕೆ ಹುಟ್ಟುತ್ತದೆ. ಇಂಥ ಸ್ಥಳಗಳಿಗೆ ಪೂರ್ವಾನುಮತಿ ಬೇಕಾಗುವುದರಿಂದ ನವೆಂಬರಿನಲ್ಲೇ ಹೆಸರು ಕೊಡಿ.

ಒಂದು ವಿಷಯದಲ್ಲಿ ರಾಜಿ ಬೇಡ. ಆಹಾರ, ಬಟ್ಟೆ, ಉಡುಗೊರೆಗಳನ್ನು ಬೋಧನೆ ಕೇಳುವುದಕ್ಕೆ ಜೋಡಿಸಬೇಡಿ. ರೆಡ್ ಕ್ರಾಸ್ ಮುಂತಾದ ಸಂಸ್ಥೆಗಳು 1994ರಲ್ಲಿ ಒಪ್ಪಿಕೊಂಡ ನೀತಿಸಂಹಿತೆ, ನೆರವನ್ನು ಯಾವುದೇ ಧಾರ್ಮಿಕ ಅಥವಾ ರಾಜಕೀಯ ನಿಲುವನ್ನು ಮುಂದೊತ್ತಲು ಬಳಸಬಾರದೆಂದು ಹೇಳುತ್ತದೆ. ಚರ್ಚುಗಳ ವಿಶ್ವಮಂಡಳಿ, ವ್ಯಾಟಿಕನ್ನಿನ ಅಂತರಧರ್ಮೀಯ ಸಂವಾದದ ಸಮಿತಿ ಮತ್ತು ವಿಶ್ವ ಇವ್ಯಾಂಜೆಲಿಕಲ್ ಒಕ್ಕೂಟ ಈ ಮೂರೂ ಸೇರಿ 2011ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಸೇವೆಯಲ್ಲಿ ಆಮಿಷಕ್ಕೆ ಜಾಗವಿಲ್ಲವೆಂದು ಸ್ಪಷ್ಟವಾಗಿ ಹೇಳಿದೆ. ಕೊಟ್ಟ ಕಂಬಳಿಯ ಒಳಗೆ ಕರಪತ್ರ ಮಡಿಚಿಟ್ಟರೆ ಕಂಬಳಿಯ ಬೆಚ್ಚಗಿನ ಗುಣ ಕೆಡುತ್ತದೆ ಎಂದು ನನ್ನ ನಂಬಿಕೆ.

ಹಾಡುವುದಾದರೆ ಅಲ್ಲಿಯವರು ಬಾಲ್ಯದಿಂದ ಬಲ್ಲ ಹಾಡುಗಳನ್ನು ಅವರ ಭಾಷೆಯಲ್ಲೇ ಕಲಿತು ಹಾಡಿ. ಮಾತು ಮರೆತ ವೃದ್ಧರು ರಾಗ ಕೇಳಿ ತುಟಿ ಆಡಿಸುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಎರಡು ಹಾಡು ಸಾಕು, ಆಮೇಲೆ ಪಕ್ಕದಲ್ಲಿ ಕುಳಿತುಕೊಳ್ಳಿ.

ಹೆಜ್ಜೆ 9: ಆ ದಿನ ಮತ್ತು ಅದರ ನಂತರದ ದಿನಗಳು

ಹಬ್ಬದ ದಿನ ಬೆಳಿಗ್ಗೆ ಎಂದಿನ ಹೊತ್ತಿಗೇ ಎದ್ದು, ಸಂಗಾತಿಯೊಡನೆ ಲೂಕನ ಎರಡನೆಯ ಅಧ್ಯಾಯದ ಮೊದಲ ಇಪ್ಪತ್ತು ವಚನಗಳನ್ನು ಒಮ್ಮೆ ನಿಮ್ಮ ಭಾಷೆಯಲ್ಲಿ, ಒಮ್ಮೆ ಆ ನಾಡಿನ ಭಾಷೆಯಲ್ಲಿ ಗಟ್ಟಿಯಾಗಿ ಓದಿ. ಆರಾಧನೆಯಲ್ಲಿ ಅದೇ ಭಾಗ ಓದಿದಾಗ ಗುರುತು ಹಿಡಿಯುವಿರಿ, ಅರಿಯದ ಭಾಷೆಯ ನಡುವೆ ನೆಲ ಸಿಕ್ಕಂತಾಗುತ್ತದೆ. ಆಮೇಲೆ ಊಟದ ಆಮಂತ್ರಣ, ಮನೆಗೆ ಕರೆ, ಸಂಜೆ ಒಂದು ಭೇಟಿ. ಇದಕ್ಕಿಂತ ಹೆಚ್ಚು ತುಂಬಬೇಡಿ.

ಕ್ರೈಸ್ತರೇ ವಿರಳವಾದ, 25 ಕೆಲಸದ ದಿನವಾದ ನಾಡಿನಲ್ಲಿದ್ದರೆ ಈ ಕ್ರಮ ನಡೆಯದು. ಅಲ್ಲಿ ಹಬ್ಬ ಸಂಜೆ ಕೋಣೆಯಲ್ಲೇ ಆಗಬೇಕು. ಒಂದು ಮೇಣದ ಬತ್ತಿ, ಒಂದು ಚಿಕ್ಕ ಗೋದಲಿ, ಇಬ್ಬರು ಮೂವರು ನಂಬಿಗಸ್ತರು ಸಾಕು. ನೆರೆಹೊರೆಯವರಿಗೆ ಕೇಳಿಸುವಂತೆ ಹಾಡುವುದು ಅಲ್ಲಿ ಸುರಕ್ಷಿತವೇ ಎಂದು ನಿರ್ಧರಿಸುವವರು ಸ್ಥಳೀಯರಾಗಲಿ, ನೀವಲ್ಲ.

ಡಿಸೆಂಬರ್ 27ರಿಂದ ಜನವರಿ ಮೊದಲ ವಾರದವರೆಗೆ ಬಹಳ ಜನರಿಗೆ ಮನಸ್ಸು ಕುಸಿಯುತ್ತದೆ. ಹಬ್ಬದ ದಿನ ಜೊತೆಗಿದ್ದವರು ಹೊರಟುಹೋಗಿರುತ್ತಾರೆ, ಭಾಷಾಶಾಲೆ ಇನ್ನೂ ತೆರೆದಿರುವುದಿಲ್ಲ. ಆ ದಿನಗಳಿಗೆ ಚಿಕ್ಕ ಕೆಲಸಗಳನ್ನು ಉಳಿಸಿಟ್ಟುಕೊಳ್ಳಿ. ಊಟಕ್ಕೆ ಕರೆದ ಪ್ರತಿಯೊಂದು ಮನೆಗೂ ಕೈಬರಹದ ಧನ್ಯವಾದಪತ್ರವನ್ನು ಅವರದೇ ಭಾಷೆಯಲ್ಲಿ, ತಪ್ಪುಗಳಿದ್ದರೂ ಸರಿ, ಬರೆದು ನೀವೇ ಹೋಗಿ ಕೊಟ್ಟು ಬನ್ನಿ. ವೃದ್ಧಾಶ್ರಮದಲ್ಲಿ ಕಂಡವರನ್ನು ಜನವರಿಯಲ್ಲೂ ಕಾಣಲು ಹೋಗಿ. ಡಿಸೆಂಬರಿನಲ್ಲಿ ಅವರನ್ನು ನೋಡಲು ಬರುವವರು ಅನೇಕರು, ಜನವರಿಯಲ್ಲಿ ಯಾರೂ ಇಲ್ಲ.

ಮೊದಲ ಹೆಜ್ಜೆಯಲ್ಲಿ ಗುರುತು ಹಾಕಿದ ಹಾಳೆಯನ್ನು ಎಸೆಯಬೇಡಿ. ಯಾವ ಅಂಗಡಿ ಯಾವಾಗ ಮುಚ್ಚಿತು, ಯಾವ ಬಸ್ಸು ಓಡಲಿಲ್ಲ, ಯಾವ ಅನುಮತಿಗೆ ಎಷ್ಟು ದಿನ ಹಿಡಿಯಿತು, ಯಾರು ಒಬ್ಬರೇ ಇದ್ದಾರೆ ಎಂಬುದನ್ನೆಲ್ಲ ಅದರ ಹಿಂಬದಿಯಲ್ಲಿ ಬರೆದು, ಮುಂದಿನ ಶರತ್ಕಾಲದಲ್ಲಿ ಆ ಊರಿಗೆ ಬರುವ ಹೊಸಬರಿಗೆ ಸಿಗುವಂತೆ ಕೋಣೆಯ ಕಡತದಲ್ಲಿ ಇಡಿ.